ನಾಲ್ಕು ಕೈ ಬಳಿದ ಅಂಗಳ

ನನ್ನ ಮಗಳು ಸೌಮ್ಯಶ್ರೀಯ ಪೇಟೆಂಟ್ ಅರ್ಜಿ ತಿರಸ್ಕೃತವಾದದ್ದು 2006ರ ಮಳೆಗಾಲದಲ್ಲಿ. ಅದಕ್ಕೆ ಕಾರಣ ನಾನೇ ಎಂದು ನನಗೆ ಗೊತ್ತಾದದ್ದು ಮರುವರ್ಷ, ಇನ್ನಂಜೆಯ ನಮ್ಮ ಮನೆಯ ಹಿತ್ತಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಾಗ.

ಆ ದಿನ ಅವಳು ಮಣಿಪಾಲದಿಂದ ಬೇಗ ಬಂದಿದ್ದಳು. ಜೊತೆಯಲ್ಲಿ ಉಡುಪಿಯ ವಕೀಲ ಕ್ಲಾರೆನ್ಸ್ ಇದ್ದರು. ಮೇಲ್ಮನವಿಯ ಕಾಗದಗಳನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಕೈ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಅವರಿಬ್ಬರ ಮಾತು ಜೋರಾಗಿತ್ತು.

"ಅರ್ಜಿಯ ಮೂರನೆಯ ಪುಟದಲ್ಲಿ ಈ ವಾಕ್ಯ ಯಾಕೆ ಬರೆದದ್ದು ಮಾರಾಯ್ತಿ? ಯಾರಾದರೂ ಕೇಳಿದ್ದರಾ?"

"ನಿಜ ಅಲ್ವಾ ಸರ್? ಎಲ್ಲ ನಾನೇ ಕಂಡುಹಿಡಿದದ್ದು ಅಂತ ಜಂಬ ಕೊಚ್ಚಿದ ಹಾಗೆ ಆಗಬಾರದು ಅಂತ ಬರೆದೆ."

"ಪೇಟೆಂಟ್ ಅಂದರೆ ಜಂಬವೇ. ಸರಕಾರ ಮುದ್ರೆ ಒತ್ತಿದ ಜಂಬ. ಅದು ಬೇಡದಿದ್ದರೆ ಅರ್ಜಿ ಯಾಕೆ ಹಾಕಬೇಕು?"

ಸೌಮ್ಯ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಚಿಕ್ಕಂದಿನಲ್ಲಿ ಸ್ಲೇಟು ಒಡೆದುಕೊಂಡು ಬಂದಾಗಲೂ ಅವಳು ಹೀಗೆಯೇ ನಿಲ್ಲುತ್ತಿದ್ದಳು.

ಅವಳ ಕೆಲಸ ಎಂತದ್ದೆಂದು ಎಂಟು ವರ್ಷ ಕೇಳಿ ಕೇಳಿ ನನಗೂ ಒಂದಿಷ್ಟು ಅರ್ಥವಾಗಿತ್ತು. ಕಾರ್ಕಳದ ಕರಿಕಲ್ಲಿಗೆ ತೂತು ಕೊರೆಯುವ ಉಕ್ಕಿನ ಬೈರಿಗೆ ಬೇಗ ಸವೆಯುತ್ತದೆ. ಸವೆಯದಿರಲಿ ಎಂದು ಅದರ ಮೇಲೆ ಗಟ್ಟಿಯಾದ ಒಂದು ಲೇಪ ಕೊಡುತ್ತಾರೆ. ಲೇಪ ತೆಳ್ಳಗಾದರೆ ಸವೆಯುತ್ತದೆ, ದಪ್ಪವಾದರೆ ಬಿರುಕುಬಿಟ್ಟು ಚಕ್ಕೆ ಏಳುತ್ತದೆ. ಮಣಿಪಾಲದ ಪ್ರಯೋಗಾಲಯದಲ್ಲಿ ಸೌಮ್ಯ ಗಟ್ಟಿ ಲೇಪವನ್ನು ತೆಳ್ಳಗೆ ಕೊಟ್ಟು, ಅದರ ಮೇಲೆ ಇನ್ನೂ ತೆಳ್ಳಗೆ ಒಂದು ಮೆದು ಲೋಹದ ಪದರ, ಮತ್ತೆ ಗಟ್ಟಿ, ಮತ್ತೆ ಮೆದು ಎಂದು ಹಲವು ಪದರ ಕೊಟ್ಟಳು. ಮೇಲಿನಿಂದ ಇಳಿಯುವ ಬಿರುಕು ಮೆದು ಪದರಕ್ಕೆ ಬಂದು ನಿಂತುಬಿಡುತ್ತದೆ. ಕಾರ್ಕಳದಲ್ಲಿ ಪೀಟರ್ ಎಂಬವರ ಕಲ್ಲಿನ ವರ್ಕ್‌ಶಾಪ್ ಉಂಟು. ಅಲ್ಲಿ ನಲವತ್ತು ತೂತಿಗೆ ಮುಗಿಯುತ್ತಿದ್ದ ಬೈರಿಗೆ ಇವಳ ಲೇಪ ಹಾಕಿದ ಮೇಲೆ ನೂರೈವತ್ತರವರೆಗೆ ಬಂತು. ಪೇಟೆಂಟ್ ಸಿಕ್ಕಿದರೆ ಪೀಟರ್ ಅವರೇ ಲೇಪದ ಯಂತ್ರ ಹಾಕಿಸುವುದು, ಸೌಮ್ಯ ಅದನ್ನು ನೋಡಿಕೊಳ್ಳುವುದು ಎಂದು ಮಾತಾಗಿತ್ತು.

ಪುಣೆ ಕಡೆಯ ಒಂದು ದೊಡ್ಡ ಕಂಪನಿ ತಕರಾರು ಹಾಕಿತು. ಗಟ್ಟಿ ಲೇಪದ ಬಗ್ಗೆ ಒಂದು ಹಳೆಯ ಲೇಖನ ಉಂಟು, ಮೆದು ಪದರದ ಬಗ್ಗೆ ಇನ್ನೊಂದು ಉಂಟು. ಎರಡನ್ನೂ ಸೇರಿಸಿ ನೋಡಿದರೆ ಕಸುಬು ಗೊತ್ತಿರುವ ಯಾರಿಗಾದರೂ ಇದು ಹೊಳೆಯುತ್ತದೆ, ಇದರಲ್ಲಿ ಸೌಮ್ಯಳ ಬುದ್ಧಿ ಎಂತದೂ ಇಲ್ಲ ಎಂಬುದು ಅವರ ವಾದ.

"ಅಷ್ಟೇ ಆಗಿದ್ದರೆ ನಾವು ಉತ್ತರ ಕೊಡುತ್ತಿದ್ದೆವು," ಎಂದರು ಕ್ಲಾರೆನ್ಸ್. "ಸೇರಿಸಿ ನೋಡಲು ಯಾರು ಹೇಳಿದರು ಅಂತ ಕೇಳಬಹುದಿತ್ತು. ಆದರೆ ಅವರ ಕೈಗೆ ಕೋಲು ಕೊಟ್ಟದ್ದು ನಾವೇ. ಇಲ್ಲಿ ನೋಡಿ ಅಮ್ಮ."

ಇಂಗ್ಲಿಷಿನಲ್ಲಿದ್ದ ಆ ವಾಕ್ಯವನ್ನು ಸೌಮ್ಯ ಸಣ್ಣ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಿದಳು: ಗಟ್ಟಿ ಪದರಗಳ ನಡುವೆ ಮೆದು ಪದರವಿದ್ದರೆ ಬಿರುಕು ಕೆಳಗಿಳಿಯುವುದಿಲ್ಲ ಎಂಬುದು ನಮ್ಮ ಕರಾವಳಿಯ ಮನೆಗಳಲ್ಲಿ ಎಲ್ಲರಿಗೂ ತಿಳಿದಿರುವ ಸಂಗತಿ.

"ನೀವು ಅಂಗಳ ಮಾಡುವುದು ಹಾಗೆಯೇ ಅಲ್ವಾ ಅಮ್ಮ?" ಎಂದಳು. "ಎಲ್ಲರೂ ಹೀಗೆಯೇ ಮಾಡುವುದು ಅಂತ ನೀವೇ ಹೇಳಿದ್ದು."

ಹೌದು, ನಾನೇ ಹೇಳಿದ್ದೆ. ಮಳೆ ನಿಂತು ಕೊಯ್ಲು ಬರುವ ಮೊದಲು ಅಂಗಳವನ್ನು ಕೆತ್ತಿ, ನೀರು ಹಾಕಿ, ಮರದ ಹಲಗೆಯಿಂದ ಬಡಿದು ಸಮ ಮಾಡುತ್ತಿದ್ದೆವು. ಆಮೇಲೆ ಜೇಡಿಮಣ್ಣು ಬಳಿಯಬೇಕು. ನಾನು ತೆಳ್ಳಗೆ ಒಂದು ಕೈ ಜೇಡಿ ಬಳಿದು ಒಣಗಲು ಬಿಡುತ್ತಿದ್ದೆ. ಅದರ ಮೇಲೆ ತೌಡು ಬೆರೆಸಿದ ಸೆಗಣಿ ಒಂದು ಕೈ. ಮತ್ತೆ ಜೇಡಿ, ಮತ್ತೆ ಸೆಗಣಿ. ಒಟ್ಟು ನಾಲ್ಕು ಕೈ. ಭತ್ತ ಬಡಿದರೂ, ದಿನಕ್ಕೆ ಎರಡು ಸಲ ಗುಡಿಸಿದರೂ, ಬೇಸಗೆಯ ಬಿಸಿಲಿಗೂ ಅದು ಬಿರಿಯುತ್ತಿರಲಿಲ್ಲ. ಸೌಮ್ಯ ಅಂಬೆಗಾಲಿಟ್ಟದ್ದು ಅದೇ ಅಂಗಳದಲ್ಲಿ.

"ಎಲ್ಲರೂ ಅಂದರೆ ಯಾರು?" ಕ್ಲಾರೆನ್ಸ್ ಪೆನ್ನು ತೆಗೆದರು. "ನಾಲ್ಕು ಹೆಸರು ಹೇಳಿ ನೋಡುವಾ."

ನಾನು ಎಣಿಸಲು ಬೆರಳು ಮಡಚಿದೆ. ಒಂದು ಹೆಸರೂ ಬರಲಿಲ್ಲ.

"ಗಂಡಸರು ಅಂಗಳ ನೋಡುವುದು ಕುರ್ಚಿ ಹಾಕಲಿಕ್ಕೆ ಮಾತ್ರ," ಎಂದು ನನ್ನ ಗಂಡ ಹೂವಪ್ಪ ಬಾಗಿಲಲ್ಲಿ ನಿಂತು ನಕ್ಕರು. ಬೋಟಿನಿಂದ ಬಂದು ಬಲೆಯ ಚೀಲ ಇಳಿಸುತ್ತಿದ್ದರು. "ನನ್ನನ್ನು ಕೇಳಬೇಡಿ ಸರ್. ಇವಳನ್ನೇ ಊರೂರು ತಿರುಗಿ ಕೇಳಲಿಕ್ಕೆ ಹೇಳಿ."

ಅವರು ತಮಾಷೆಗೆ ಹೇಳಿದ್ದು. ಕ್ಲಾರೆನ್ಸ್ ನಗಲಿಲ್ಲ. ಎಲ್ಲರಿಗೂ ತಿಳಿದದ್ದಲ್ಲ ಎಂದು ತೋರಿಸಲು ಸಾಧ್ಯವಾದರೆ ಆ ವಾಕ್ಯವನ್ನು ತೆಗೆಸಬಹುದು. ತೆಗೆಸಲಾಗದಿದ್ದರೆ ಮೇಲ್ಮನವಿ ಮಂಡಳಿ ಇರುವ ಚೆನ್ನೈಗೆ ಹೋಗುವುದೇ ದಂಡ ಎಂದರು.

ಆ ಬೇಸಗೆಯಲ್ಲಿ ನಾನು ಇಪ್ಪತ್ತಾರು ಮನೆಗಳಿಗೆ ಹೋದೆ. ಬೆಳಿಗ್ಗೆ ಗಂಜಿಗಿಟ್ಟು, ಪಾತ್ರೆ ತೊಳೆದು, ಹನ್ನೊಂದರ ಬಸ್ಸು ಹಿಡಿದರೆ ದನ ಕರೆಯುವ ಹೊತ್ತಿಗೆ ವಾಪಸು. ಮಣ್ಣಿನ ಅಂಗಳ ಉಳಿದಿರುವುದು ಎಲ್ಲೋ ಒಂದೆರಡು ಕಡೆ; ಉಳಿದಲ್ಲೆಲ್ಲ ಸಿಮೆಂಟು, ಇಲ್ಲವೇ ಬಣ್ಣದ ಇಂಟರ್‌ಲಾಕ್. ಆದರೆ ಹೆಂಗಸರ ಕೈಗೆ ಹಳೆಯ ಅಂಗಳದ ನೆನಪಿತ್ತು. ಮಾತಾಡುತ್ತಾ ಅವರ ಬೆರಳುಗಳು ಗಾಳಿಯಲ್ಲಿಯೇ ಬಳಿಯುತ್ತಿದ್ದವು. ಕಾಪುವಿನ ಒಬ್ಬರು ಜೇಡಿಗೆ ದಾಸವಾಳದ ಸೊಪ್ಪಿನ ಲೋಳೆ ಸೇರಿಸುತ್ತಿದ್ದರಂತೆ. ಕಾರ್ಕಳದ ಒಬ್ಬರು ಹಳೆಯ ಟಾರ್ಚಿನ ಸೆಲ್ಲು ಒಡೆದು ಅದರ ಕಪ್ಪು ಪುಡಿಯನ್ನು ಸೆಗಣಿಗೆ ಹಾಕಿ ಅಂಗಳವನ್ನು ಕನ್ನಡಿಯ ಹಾಗೆ ಮಾಡುತ್ತಿದ್ದರಂತೆ. ನಾನು ಹೋದ ಕೆಲಸ ಮರೆತು, ಯಾವ ಸೆಲ್ಲು, ಎಷ್ಟು ಸೆಲ್ಲು ಎಂದು ಕೇಳುತ್ತಾ ಕೂತುಬಿಡುತ್ತಿದ್ದೆ.

ಕೊನೆಗೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಬಿರಿಯದಿರಲು ಎಂತ ಮಾಡುತ್ತಿದ್ದಿರಿ?

ಎಲ್ಲರದ್ದೂ ಒಂದೇ ಉತ್ತರ. ದಪ್ಪಗೆ ಬಳಿಯುವುದು. ಬಿರಿದರೆ ಮರುವರ್ಷ ಇನ್ನೂ ದಪ್ಪ. "ನಡುವೆ ಸೆಗಣಿ ಹಾಕಿದರೆ ಮಣ್ಣು ಮಣ್ಣಿಗೆ ಹಿಡಿಯುವುದುಂಟಾ? ಎದ್ದು ಬರುವುದಿಲ್ವಾ?" ಎಂದು ನನ್ನನ್ನೇ ಕೇಳಿದವರು ಒಂಬತ್ತು ಮಂದಿ. ಹಾಗೆ ಮಾಡುವುದು ತಪ್ಪೆಂದೇ ಅವರು ತಿಳಿದಿದ್ದರು.

ಕಾಪುವಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಡದ ಕೆಲಸಕ್ಕೆ ಬಂದಿದ್ದ ಸೋಮವ್ವನನ್ನೂ ಕೇಳಿದೆ. ಬಾಗಲಕೋಟೆ ಕಡೆಯವಳು, ಮಣ್ಣಿನ ಮಾಳಿಗೆಗಳನ್ನು ಕಟ್ಟಿದ ಕೈ.

"ನಾವು ಹುಲ್ಲು ಕತ್ತರಿಸಿ ಮಣ್ಣಾಗ ಹಾಕಿ ತುಳೀತೀವ್ರಿ ಯವ್ವಾ. ಎಲ್ಲಾ ಕೂಡೇ ಕಲಸೂದು. ನೀವು ಅದನ್ನ ಬ್ಯಾರೆ ಇದನ್ನ ಬ್ಯಾರೆ ಯಾಕ ಹಾಕ್ತೀರಿ? ನಿಮಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?" ಎಂದು ಬುಟ್ಟಿ ಎತ್ತಿಕೊಂಡು ನಕ್ಕಳು.

ಹಾಗಾದರೆ ನನಗೆ ಕಲಿಸಿದ್ದು ಯಾರು? ಅತ್ತೆ ಎಂದು ನಾನು ನಂಬಿದ್ದೆ. ಅತ್ತೆ ಈಗಿಲ್ಲ. ಮಟ್ಟುವಿನಲ್ಲಿ ಗುಳ್ಳಬದನೆ ಬೆಳೆಯುವ ನನ್ನ ಅತ್ತಿಗೆ ಸುಂದರಿಗೆ, ಎಂದರೆ ನನ್ನ ಗಂಡನ ಅಕ್ಕನಿಗೆ, ಗೊತ್ತಿರಬೇಕು. ನಾನು ಹೋದಾಗ ಅವರು ಗದ್ದೆಯ ಬದುವಿನಲ್ಲಿ ಕೂತು ಗುಳ್ಳ ಕೊಯ್ಯುತ್ತಿದ್ದರು. ಮುಳ್ಳು ಚುಚ್ಚದ ಹಾಗೆ ತೊಟ್ಟು ಹಿಡಿಯುವುದು ಹೇಗೆಂದು ತೋರಿಸಿ, ನನ್ನ ಕೈಗೂ ಒಂದು ಕತ್ತಿ ಕೊಟ್ಟರು.

"ನಮ್ಮ ಅಮ್ಮ ಹಾಗೆ ಮಾಡಿದ್ದೇ ಇಲ್ಲ," ಎಂದರು. "ನೀನು ಬಂದ ಮೇಲೆ ಶುರುವಾದದ್ದು. ಅಮ್ಮ ನಿನ್ನನ್ನು ಬೈಯಲಿಕ್ಕೆ ಬಂದರೆ ನೀನು ಹೇಳಿದ್ದು ಎಂತ ಗೊತ್ತುಂಟಾ? ಎಲ್ಲೂರಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ ಮಾಡುವುದು ಅತ್ತೆ ಅಂತ. ಅಮ್ಮ ಒಂದು ವಾರ ಗೊಣಗಿದರು, ಎಲ್ಲೂರಿನವರಿಗೆ ಎಲ್ಲ ಹೆಚ್ಚು ಗೊತ್ತು ಅಂತ."

ಎಲ್ಲೂರು ನನ್ನ ತವರು. ಮಾರನೆಯ ದಿನವೇ ಅಲ್ಲಿಗೆ ಹೋದೆ. ತಮ್ಮನ ಹೆಂಡತಿ ಕಾಫಿ ಮಾಡಿಕೊಟ್ಟು, ನಾನು ಕೇಳಿದ್ದಕ್ಕೆ ಕಣ್ಣರಳಿಸಿ ನೋಡಿದಳು.

"ನೀವಲ್ವಾ ಅಕ್ಕ ಹೇಳಿದ್ದು, ಇನ್ನಂಜೆಯಲ್ಲಿ ಎಲ್ಲರೂ ಹೀಗೆಯೇ ಮಾಡುವುದು ಅಂತ? ನಾವೊಂದು ವರ್ಷ ಮಾಡಿ ನೋಡಿದೆವು. ದಿನ ನಾಲ್ಕು ಹಿಡಿಯಿತು. ನಿಮ್ಮ ಗಂಡನ ಮನೆಯವರಿಗೆ ಪುರುಸೊತ್ತು ಜಾಸ್ತಿ ಅಂತ ಬಿಟ್ಟುಬಿಟ್ಟೆವು."

ಕಾಫಿ ಲೋಟ ಹಿಡಿದುಕೊಂಡೇ ನನಗೆ ನಗು ಬಂತು. ಆಮೇಲೆ ಎಲ್ಲ ನೆನಪಾಯಿತು. ಮದುವೆಯಾಗಿ ಎರಡನೆಯ ವರ್ಷ, ಮಗು ತೊಟ್ಟಿಲಲ್ಲಿ. ದಪ್ಪ ಜೇಡಿಯನ್ನು ಒಂದೇ ಸಲ ಬಳಿದು ಮುಗಿಸಬೇಕು, ನಡುವೆ ಎದ್ದರೆ ಜೋಡಣೆಯಲ್ಲಿ ಗೆರೆ ಬೀಳುತ್ತದೆ. ಮಗು ಅಷ್ಟು ಹೊತ್ತು ಬಿಡುತ್ತಿರಲಿಲ್ಲ. ಹಾಗಾಗಿ ಮಗು ಮಲಗಿದಷ್ಟು ಹೊತ್ತಿಗೆ ಮುಗಿಯುವಂತೆ ತೆಳ್ಳಗೆ ಬಳಿದೆ. ಅದು ಒಣಗಿ ಧೂಳೇಳಬಾರದೆಂದು ದನದ ಹಟ್ಟಿಯಲ್ಲಿದ್ದ ಸೆಗಣಿ ಬಳಿದೆ. ಮರುದಿನ ಮತ್ತೆ ಜೇಡಿ. ಆ ಬೇಸಗೆಯಲ್ಲಿ ಊರಿನ ಅಂಗಳಗಳೆಲ್ಲ ಬಿರಿದಾಗ ನಮ್ಮದು ಬಿರಿಯಲಿಲ್ಲ. ಯಾಕೆಂದು ತಿಳಿಯಬೇಕೆನಿಸಿ ಒಂದು ಮೂಲೆಯಲ್ಲಿ ಚಾಕುವಿನಿಂದ ಕೊರೆದು ನೋಡಿದ್ದೂ ನೆನಪಾಯಿತು. ಕೂದಲಿನಂಥ ಬಿರುಕುಗಳು ಮೇಲಿನಿಂದ ಇಳಿದು ಸೆಗಣಿಯ ಕಪ್ಪು ಗೆರೆಯಲ್ಲಿ ನಿಂತಿದ್ದವು.

ಹೊಸ ಸೊಸೆ ತಾನೇ ಯೋಚಿಸಿ ಮಾಡಿದೆ ಎಂದರೆ ನಡೆಯುತ್ತದೆಯೇ? ತವರಿನಲ್ಲಿ ಹೀಗೆ ಎಂದರೆ ಅತ್ತೆ ಗೊಣಗಿ ಸುಮ್ಮನಾಗುತ್ತಾರೆ. ಗಂಡನ ಮನೆಯಲ್ಲಿ ಹೀಗೆ ಎಂದರೆ ತವರಿನವರು ಮರ್ಯಾದೆ ಕೊಡುತ್ತಾರೆ. ನಮ್ಮ ಕಡೆ ಎಲ್ಲ ಸೊಸೆಯಂದಿರೂ ಮಾಡುವುದು ಅದನ್ನೇ. ಮಗಳಿಗೆ ಹೇಳುವಾಗ ಮಾತ್ರ ಎರಡೂ ಊರು ಸೇರಿ 'ಎಲ್ಲರೂ' ಆಗಿಹೋಗಿತ್ತು. ಹೇಳಿ ಹೇಳಿ ನಾನೂ ಅದನ್ನೇ ನಂಬಿದ್ದೆ.

ಕ್ಲಾರೆನ್ಸ್ ಇದನ್ನು ಕೇಳಿ ಕುರ್ಚಿಯಿಂದ ಎದ್ದುಬಿಟ್ಟರು. "ಇದನ್ನೇ ಪ್ರಮಾಣಪತ್ರದಲ್ಲಿ ಹಾಕುವಾ!" ಎಂದರು. ಎರಡು ದಿನದಲ್ಲಿ ಛಾಪಾ ಕಾಗದ ಬಂತು. 'ಗುಲಾಬಿ, ಗಂಡ ಹೂವಪ್ಪ, ವಯಸ್ಸು ಐವತ್ತೆರಡು' ಎಂದು ಶುರು. ಮೂರನೆಯ ಕಲಮಿನಲ್ಲಿ ಹೀಗಿತ್ತು: ಈ ವಿಧಾನವನ್ನು ನನಗೆ ಯಾರೂ ಕಲಿಸಿಲ್ಲ. ಇದನ್ನು ನಾನೇ ಕಂಡುಕೊಂಡೆ. ಮನೆಯವರ ಬೈಗುಳ ತಪ್ಪಿಸಿಕೊಳ್ಳಲು ಎಲ್ಲರೂ ಹೀಗೆ ಮಾಡುತ್ತಾರೆಂದು ಸುಳ್ಳು ಹೇಳಿದೆ.

ನನ್ನ ಕೈ ಮುಂದೆ ಹೋಗಲಿಲ್ಲ. ಸುಳ್ಳೆಂಬ ಮಾತು ಚುಚ್ಚಿತ್ತು, ನಿಜ. ಅದಕ್ಕಿಂತ ಕಷ್ಟವಾದದ್ದು 'ನಾನೇ' ಎಂಬುದು.

"ನಾನೇ ಅನ್ನುವುದನ್ನು ಸ್ವಲ್ಪ ಮೆತ್ತಗೆ ಬರೆಯಲಿಕ್ಕೆ ಆಗುವುದಿಲ್ವಾ?" ಎಂದು ಕೇಳಿದೆ.

"ನಿಮ್ಮ ಮಗಳು ಮೆತ್ತಗೆ ಬರೆದದ್ದಕ್ಕೇ ನಾವು ಇಲ್ಲಿ ಕೂತಿರುವುದು ಅಮ್ಮ," ಎಂದರು ಕ್ಲಾರೆನ್ಸ್. "ಇದು ನಿಜವಾ ಅಲ್ಲವಾ, ಅಷ್ಟು ಹೇಳಿ."

"ನಿಜ."

"ಹಾಗಾದರೆ ಸಹಿ."

"ನಾನೇ ಕಂಡುಕೊಂಡದ್ದು ಅಂದರೆ ಅವಳ ಪೇಟೆಂಟಿಗೆ ತೊಂದರೆ ಇಲ್ವಾ?"

"ಮಣ್ಣು ನಿಮ್ಮದು, ಲೋಹ ಅವಳದ್ದು. ಆ ಪದರ ಎಷ್ಟು ತೆಳ್ಳಗಿರಬೇಕು ಅಂತ ಹುಡುಕಲಿಕ್ಕೆ ಅವಳಿಗೆ ಮೂರು ವರ್ಷ ಬೇಕಾಯಿತು. ಅದನ್ನು ನೀವು ಹೇಳಿಕೊಟ್ಟಿರಾ?"

ನಾನು ಸಹಿ ಹಾಕಿದೆ. ಹೂವಪ್ಪ ಇಣುಕಿ ನೋಡಿ, "ಮೂವತ್ತು ವರ್ಷ ಸುಳ್ಳು ಹೇಳಿದವಳ ಜೊತೆ ಇದ್ದೆನಾ? ಇನ್ನು ಯಾವುದೆಲ್ಲ ಉಂಟೋ," ಎಂದರು. ಆ ದಿನ ರಾತ್ರಿ ಊಟಕ್ಕೆ ಕೂತಾಗ ಮಾತ್ರ ಮೀನಿನ ದೊಡ್ಡ ತುಂಡನ್ನು ನನ್ನ ಬಟ್ಟಲಿಗೆ ಹಾಕಿದರು.

ಚೆನ್ನೈಯಲ್ಲಿ ವಿಚಾರಣೆ ನಡೆದದ್ದು 2008ರ ಫೆಬ್ರವರಿಯಲ್ಲಿ. ಮಂಗಳೂರಿನಿಂದ ರೈಲು ಹತ್ತಿದೆವು. ನಾನು ಬರಲೇಬೇಕೆಂದಿರಲಿಲ್ಲ, ನೋಡಬೇಕೆನಿಸಿತು, ಹೋದೆ. ನ್ಯಾಯಾಲಯವೆಂದರೆ ಎತ್ತರದ ಕಟಕಟೆ ಇರಬಹುದೆಂದುಕೊಂಡಿದ್ದೆ. ಅದು ನಮ್ಮ ಬ್ಯಾಂಕಿನಂತಹ ಒಂದು ಕೋಣೆ. ಮುಂದೆ ಮಂಡಳಿಯ ಇಬ್ಬರು ಸದಸ್ಯರು, ಅವರ ಮುಂದೆ ಕಾಗದದ ರಾಶಿ. ಹಿಂದಿನ ಸಾಲಿನಲ್ಲಿ ಕೂತ ನನಗೆ ಸೌಮ್ಯ ಕಿವಿಯಲ್ಲಿ ಹೇಳುತ್ತಾ ಹೋದಳು.

ನನ್ನ ಪ್ರಮಾಣಪತ್ರವನ್ನೂ ಇಪ್ಪತ್ತಾರು ಮನೆಗಳ ಪಟ್ಟಿಯನ್ನೂ ಕ್ಲಾರೆನ್ಸ್ ಓದಿದರು. ಕಂಪನಿಯ ವಕೀಲರು ಎದ್ದು ನಿಂತು, ನಗುತ್ತಲೇ ಮಾತಾಡಿದರು. ಸೌಮ್ಯ ನನ್ನ ಕಿವಿಯಿಂದ ದೂರ ಸರಿದು ಕೂತಳು.

"ಎಂತ ಹೇಳಿದರು?"

ಅವಳಿಗೆ ಹೇಳಲು ಇಷ್ಟವಿರಲಿಲ್ಲ. ಮತ್ತೆ ಕೇಳಿದ ಮೇಲೆ ಹೇಳಿದಳು. "ಏನೂ ಓದದ ಒಬ್ಬ ಗೃಹಿಣಿಗೆ ಮಗು ಅಳುವ ನಡುವೆ ಇದು ಹೊಳೆದಿದೆ. ಹಾಗಿದ್ದರೆ ಓದಿದ ಇಂಜಿನಿಯರುಗಳಿಗೆ ಹೊಳೆಯದೆ ಇರುತ್ತದೆಯೇ? ಇದು ಎಷ್ಟು ಸುಲಭ ಅಂತ ಅರ್ಜಿದಾರರ ತಾಯಿಯೇ ಸಾಕ್ಷಿ ಹೇಳಿದ ಹಾಗಾಯಿತು ಅಂತ."

ಒಂದು ವಾಕ್ಯದಿಂದ ಬಿದ್ದದ್ದನ್ನು ಎತ್ತಲು ಬಂದವಳು ಇನ್ನೊಂದರಿಂದ ಪೂರ್ತಿ ಮುಳುಗಿಸಿದೆನೇ? ಅವರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನಾನೇ ಹುಡುಕಿದೆ, ಕಾಣಲಿಲ್ಲ. ನನಗೆ ಹೊಳೆದದ್ದು ಹೌದು. ನಾನು ಓದದವಳು ಎಂಬುದೂ ಹೌದು.

ಸದಸ್ಯರಲ್ಲಿ ಒಬ್ಬರು, ಕನ್ನಡಕ ಹಾಕಿದ ಹೆಂಗಸು, ಪಟ್ಟಿಯನ್ನು ತಿರುವಿದರು. ಆಮೇಲೆ ಕಂಪನಿಯ ವಕೀಲರನ್ನು ಕೇಳಿದರು.

"ನೀವು ತೋರಿಸಿದ ಎರಡು ಲೇಖನಗಳು ಯಾವ ವರ್ಷದವು?"

"1986 ಮತ್ತು 1991."

"ಈ ಅರ್ಜಿ 2002ರದ್ದು. ನಡುವೆ ಹನ್ನೊಂದು ವರ್ಷ. ಅಷ್ಟು ವರ್ಷ ನಿಮ್ಮ ಕಂಪನಿ ಬೈರಿಗೆಗಳನ್ನು ಮಾರುತ್ತಿತ್ತು ಅಲ್ಲವೇ? ಅವುಗಳ ಲೇಪ ಹೇಗಿತ್ತು?"

ವಕೀಲರು ಹಿಂದಕ್ಕೆ ತಿರುಗಿ ತಮ್ಮ ಇಂಜಿನಿಯರನ್ನು ನೋಡಿದರು. ಅವರು ತುಸು ಬಾಗಿ ಏನೋ ಹೇಳಿದರು.

"ಒಂದೇ ಪದರ. ಗಟ್ಟಿ."

"ಚಕ್ಕೆ ಏಳುತ್ತದೆ ಎಂದು ಗಿರಾಕಿಗಳು ದೂರಿದಾಗ?"

"ದಪ್ಪವನ್ನು ಹೆಚ್ಚಿಸಲಾಯಿತು."

ಸೌಮ್ಯ ಅದನ್ನು ಹೇಳುವ ಮೊದಲೇ ನನಗೆ ಅರ್ಥವಾಯಿತು. ಆ ವಕೀಲರ ಕೈ ಗಾಳಿಯಲ್ಲಿ ತೋರಿಸಿದ್ದು ದಪ್ಪವನ್ನೇ. ಇಪ್ಪತ್ತಾರು ಅಂಗಳಗಳಲ್ಲಿ ನಾನು ನೋಡಿದ್ದೂ ಅದನ್ನೇ. ಆ ಇಂಜಿನಿಯರನ್ನು ಕಂಡು ನನಗೆ ಸಿಟ್ಟು ಬರಲಿಲ್ಲ. ಅವರ ಮನೆಯಲ್ಲಿ ಅಂಗಳ ಇದ್ದಿದ್ದರೆ ಅದನ್ನು ಹೇಗೆ ಬಳಿಯುತ್ತಿದ್ದರು ಎಂದು ಕೇಳುವ ಆಸೆಯಾಯಿತು.

ಆದೇಶ ಬಂದದ್ದು ಜೂನ್‌ನಲ್ಲಿ. ಸೌಮ್ಯ ಅದನ್ನು ಮಣಿಪಾಲದಿಂದ ಒದ್ದೆಯಾಗದ ಹಾಗೆ ಹೊಟ್ಟೆಗೆ ಒತ್ತಿಹಿಡಿದು ತಂದಳು. ಮೇಲ್ಮನವಿಯನ್ನು ಭಾಗಶಃ ಒಪ್ಪಿದ್ದರು. ಎಲ್ಲ ಬಗೆಯ ಪದರಗಳ ಮೇಲೂ ಹಕ್ಕು ಕೇಳಿದ್ದು ಹೆಚ್ಚಾಯಿತು. ಮೆದು ಪದರ ಗಟ್ಟಿ ಪದರದ ಹತ್ತರಲ್ಲಿ ಒಂದು ಪಾಲಿಗಿಂತ ತೆಳ್ಳಗಿದ್ದರೆ ಮಾತ್ರ ಅದು ಸೌಮ್ಯಳದ್ದು. ಪೀಟರ್ ಅವರ ಬೈರಿಗೆಗೆ ಅಷ್ಟು ಸಾಕಿತ್ತು. ಯಂತ್ರಕ್ಕೆ ಜಾಗ ಅಳೆಯಲು ಬನ್ನಿ ಎಂದು ಅವರು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಮೂರನೆಯ ಪುಟದ ವಾಕ್ಯವನ್ನು ತೆಗೆದುಹಾಕಬೇಕೆಂದೂ ಇತ್ತು.

"ಆ ಜಾಗದಲ್ಲಿ ನಿಮ್ಮ ಹೆಸರು ಬರೆಯುವಾ ಅಂತ ಕ್ಲಾರೆನ್ಸ್ ಸರ್‌ಗೆ ಕೇಳಿದೆ," ಎಂದಳು. "ಆಗುವುದಿಲ್ಲವಂತೆ. ಖಾಲಿ ಬಿಡಬೇಕಂತೆ."

"ಇರಲಿ ಬಿಡು. ಸೀರೆಗೆ ಅಂಟಿಕೊಂಡ ಹುಲ್ಲು ತೆಗೆದ ಹಾಗೆ," ಎಂದೆ. ಮರವಾಯಿ ಚಿಪ್ಪುಮೀನು ನೆನೆಹಾಕಿದ್ದ ಪಾತ್ರೆಯ ನೀರು ಬದಲಿಸಿ, ಅದಕ್ಕೊಂದು ತುಂಡು ಕಬ್ಬಿಣ ಹಾಕಿದೆ. ಕಬ್ಬಿಣ ಹಾಕಿದರೆ ಚಿಪ್ಪು ಬಾಯಿ ಬಿಟ್ಟು ಮರಳನ್ನು ಬೇಗ ಉಗುಳುತ್ತದೆ.

ಸೌಮ್ಯ ಅದನ್ನು ನೋಡುತ್ತಾ ನಿಂತಳು. ಆಮೇಲೆ ಚೀಲದಿಂದ ಪೆನ್ಸಿಲ್ ತೆಗೆದಳು.

"ಅಮ್ಮ, ಇದನ್ನು ಯಾರು ಹೇಳಿಕೊಟ್ಟದ್ದು?"

"ಇದಾ? ಇದನ್ನು ಎಲ್ಲ..." ಎಂದು ಶುರು ಮಾಡಿದವಳು ಬಾಯಿ ಮುಚ್ಚಿಕೊಂಡೆ.

ಅತ್ತೆಯ ಕೈ ಕಣ್ಣ ಮುಂದೆ ಬರುತ್ತದೆಯೇ ಎಂದು ನೋಡಿದೆ. ನನ್ನ ಅಮ್ಮನ ಪಾತ್ರೆಯ ತಳದಲ್ಲಿ ಕಬ್ಬಿಣ ಇತ್ತೇ ಎಂದು ನೋಡಿದೆ. ಇತ್ತೋ ಇಲ್ಲವೋ, ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಸೌಮ್ಯ ಇನ್ನೊಂದು ಪಾತ್ರೆ ತೆಗೆದು, ಅರ್ಧ ಮರವಾಯಿಯನ್ನು ಕಬ್ಬಿಣವಿಲ್ಲದ ನೀರಿಗೆ ಹಾಕಿ, ಗೋಡೆಯ ಗಡಿಯಾರ ನೋಡಿ ಗಂಟೆ ಬರೆದುಕೊಂಡಳು. ನಾನು ಒಲೆಯ ಉರಿ ಸಣ್ಣ ಮಾಡಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಎರಡು ಪಾತ್ರೆಗಳಲ್ಲಿ ಯಾವುದರ ಚಿಪ್ಪು ಮೊದಲು ಬಾಯಿ ಬಿಡುತ್ತದೆ ಎಂದು ಇಬ್ಬರೂ ಬಗ್ಗಿ ನೋಡತೊಡಗಿದೆವು.